ಮೆಣಸಿನ ಹಡಗಿನಲ್ಲಿ ಬಂದ ಹೊಗೆ

ಕ್ರಿ.ಶ. 1604-05ರ ಸುಮಾರಿಗೆ ಮೊಗಲ್ ಚಕ್ರವರ್ತಿ ಅಕ್ಬರನ ದೂತನೊಬ್ಬ ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಕೆಲಸ ಮುಗಿಸಿಕೊಂಡು ಉತ್ತರಕ್ಕೆ ಹಿಂದಿರುಗಿದ. ಆತನ ಹೆಸರು ಅಸದ್ ಬೇಗ್. ತಂದ ಕಾಣಿಕೆಗಳ ನಡುವೆ ಬೆಳ್ಳಿಯ ಹರಿವಾಣವೊಂದಿತ್ತು. ಅದರಲ್ಲಿ ಮೂರು ಮೊಳ ಉದ್ದದ, ಎರಡೂ ತುದಿಗೆ ರತ್ನ ಕೂಡಿಸಿದ ಒಂದು ಕೊಳವೆ, ಕಿಡಿ ಹೊತ್ತಿಸಲು ಚಿನ್ನದ ಸಾಧನ, ಮತ್ತು ಬಿಜಾಪುರದ ಸುಲ್ತಾನನೇ ಕೊಟ್ಟ ಸೊಗಸಾದ ಎಲೆಅಡಿಕೆಯ ಸಂಚಿ. ಸಂಚಿಯಲ್ಲಿದ್ದುದು ಮಾತ್ರ ಎಲೆಯೂ ಅಲ್ಲ, ಅಡಿಕೆಯೂ ಅಲ್ಲ, ಹೊಗೆಸೊಪ್ಪು.

ಅಕ್ಬರನಿಗೆ ಕುತೂಹಲವಾಯಿತು. ಇದೇನೆಂದು ಕೇಳಿದ. ಮೆಕ್ಕಾ ಮದೀನಾಗಳಲ್ಲಿ ಹೆಸರಾದ ಪದಾರ್ಥ, ತಮಗೆ ಔಷಧಿಯೆಂದು ತಂದಿದ್ದಾರೆ ಎಂದು ದರ್ಬಾರಿನ ಹಿರಿಯ ಸರದಾರನೊಬ್ಬ ಉತ್ತರಿಸಿದ. ಚಕ್ರವರ್ತಿ ಕೊಳವೆಯನ್ನು ತುಟಿಗಿಟ್ಟ. ಆಸ್ಥಾನದ ಹಕೀಮ ಓಡಿಬಂದು ತಡೆದ. ತಂದವನಿಗೆ ಬೇಸರವಾಗಬಾರದೆಂದು ಅಕ್ಬರ ಎರಡು ಮೂರು ದಮ್ಮು ಎಳೆದ. ಹಕೀಮನ ಕಳವಳ ಹೆಚ್ಚಿತು. ಹಳೆಯ ವೈದ್ಯಗ್ರಂಥಗಳಲ್ಲಿ ಇದರ ಪ್ರಸ್ತಾಪವೇ ಇಲ್ಲ, ಗೊತ್ತಿಲ್ಲದ ವಸ್ತುವನ್ನು ದೊರೆ ಸೇವಿಸುವುದು ಸರಿಯಲ್ಲ ಎಂದು ವಾದಿಸಿದ. ಅಸದ್ ಬೇಗ್ ಸುಮ್ಮನಿರಲಿಲ್ಲ. ಲೋಕದ ಪ್ರತಿಯೊಂದು ರೂಢಿಯೂ ಒಂದು ಕಾಲಕ್ಕೆ ಹೊಸದಾಗಿಯೇ ಇತ್ತಲ್ಲ, ಐರೋಪ್ಯರಲ್ಲಿಯೂ ತಿಳಿದವರಿದ್ದಾರಲ್ಲ ಎಂದು ಎದುರು ವಾದ ಹೂಡಿದ. ಅಕ್ಬರ ಆ ಜಾಣತನವನ್ನು ಮೆಚ್ಚಿಕೊಂಡ. ಆದರೆ ಚಟವನ್ನು ಅಂಟಿಸಿಕೊಳ್ಳಲಿಲ್ಲ. ಅಂಟಿಸಿಕೊಂಡವರು ಆತನ ಸರದಾರರು. ಅಸದ್ ಬೇಗ್ ಹಂಚಿದ ಹೊಗೆಸೊಪ್ಪು ಮುಗಿಯುವುದರೊಳಗೆ ವರ್ತಕರು ಅದನ್ನು ತಂದು ಮಾರತೊಡಗಿದ್ದರು. ಇಷ್ಟನ್ನೂ ಬರೆದಿಟ್ಟವನು ಸ್ವತಃ ಅಸದ್ ಬೇಗನೇ. ಆ ದಿನ ಹಕೀಮನ ಮಾತು ಸೋತದ್ದು ತರ್ಕದ ಕೊರತೆಯಿಂದಲ್ಲ, ಪುರಾವೆಯ ಕೊರತೆಯಿಂದ. ಪುರಾವೆ ಬರಲು ಇನ್ನೂ ಮೂರೂವರೆ ಶತಮಾನ ಬೇಕಾಗಿತ್ತು.

ಬಿಜಾಪುರಕ್ಕೆ ಹೊಗೆಸೊಪ್ಪು ಬಂದದ್ದು ಎಲ್ಲಿಂದ? ಗಿಡ ಅಮೆರಿಕ ಖಂಡದ್ದು. ಅದನ್ನು ಈ ಕರಾವಳಿಗೆ ಇಳಿಸಿದವರು ಪೋರ್ಚುಗೀಸರು. ಆದಿಲ್‌ಶಾಹಿಗಳಿಂದ 1510ರಲ್ಲಿ ಗೋವೆಯನ್ನು ಕಿತ್ತುಕೊಂಡ ಅವರು ಬಿಜಾಪುರಕ್ಕೆ ಪಕ್ಕದ ಮನೆಯವರಾಗಿಬಿಟ್ಟಿದ್ದರು. ಅವರು ಅಷ್ಟು ದೂರ ಹಾಯಿ ಬಿಚ್ಚಿ ಬಂದದ್ದಾದರೂ ಯಾತಕ್ಕೆ? ಮುಖ್ಯವಾಗಿ ಕರಿಮೆಣಸಿಗಾಗಿ. ಮಲಬಾರಿನಿಂದ ಹೊನ್ನಾವರ, ಭಟ್ಕಳದವರೆಗಿನ ಬಂದರುಗಳಲ್ಲಿ ಅವರ ಕಣ್ಣು ಮೆಣಸಿನ ಮೂಟೆಗಳ ಮೇಲೆಯೇ ಇತ್ತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು ಕರೆಯುತ್ತಿದ್ದುದೇ ಮೆಣಸಿನ ರಾಣಿ ಎಂದು. ಮೆಣಸು ಒಯ್ಯಲು ಬಂದ ಹಡಗುಗಳು ಖಾಲಿ ಬರಲಿಲ್ಲ. ಇಂದು ನಮ್ಮದೇ ಎಂದು ಭಾವಿಸುವ ಮೆಣಸಿನಕಾಯಿ, ಗೋಡಂಬಿ, ಪರಂಗಿಹಣ್ಣು ಬಂದದ್ದು ಹಾಗೆಯೇ. ತಂಬಾಕು ಬಂದದ್ದೂ ಹಾಗೆಯೇ. ಈ ಕೊಡುಕೊಳ್ಳುವಿಕೆಯ ಲೆಕ್ಕದಲ್ಲಿ ಮೆಣಸಿಗೆ ಇನ್ನೊಂದು ಸರದಿ ಉಳಿದಿತ್ತು. ಅದು ಬಂದದ್ದು 1994ರಲ್ಲಿ.

ಮೊದಲ ಮುನ್ನೂರು ವರ್ಷ ಹೊಗೆಯ ವಿರುದ್ಧ ಬಳಕೆಯಾದ ಆಯುಧಗಳು ಎರಡೇ: ಸುಂಕ ಮತ್ತು ಶಿಕ್ಷೆ. ಅಸದ್ ಬೇಗ್ ಹರಿವಾಣ ಹಿಡಿದು ನಿಂತ ಹೊತ್ತಿಗೇ, 1604ರಲ್ಲಿ, ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸ್ ತಂಬಾಕಿನ ವಿರುದ್ಧ ತಾನೇ ಒಂದು ಪುಸ್ತಿಕೆ ಬರೆದ. ಹೊಗೆಯ ದುರ್ವಾಸನೆಯ ಮೇಲೆ ಆತನಿಗೆ ವಿಶೇಷ ಸಿಟ್ಟು. ಬರೆದದ್ದು ಸಾಲದೆಂದು ಆಮದು ಸುಂಕವನ್ನು ನಲವತ್ತು ಪಟ್ಟು ಏರಿಸಿದ. ಜಹಾಂಗೀರ 1617ರಲ್ಲಿ ನಿಷೇಧ ಹೊರಡಿಸಿದ. ತುರ್ಕಿಯ ನಾಲ್ಕನೆಯ ಮುರಾದ್ 1633ರಲ್ಲಿ ಮರಣದಂಡನೆಯನ್ನೇ ವಿಧಿಸಿದ. ಯಾವುದೂ ಫಲಿಸಲಿಲ್ಲ. ಸೇದುವುದು ತಪ್ಪು ಎಂದು ಹೇಳಿದವರು ಅನೇಕರು. ಬಿಡಬೇಕೆಂದಿದ್ದರೂ ಬಿಡಲಾಗದವನು ಏನು ಮಾಡಬೇಕು ಎಂದು ಹೇಳಿದವರು ಇಲ್ಲ.

ಆ ಪ್ರಶ್ನೆಗೆ ತುರ್ತು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಜೇಮ್ಸ್ ಬೊನ್ಸಾಕ್ 1881ರಲ್ಲಿ ಸಿಗರೇಟು ಸುತ್ತುವ ಯಂತ್ರಕ್ಕೆ ಪೇಟೆಂಟ್ ಪಡೆದ. ಉತ್ತರ ಕೆರೊಲಿನಾದ ಡರ್ಹಮ್ ಊರಿನ ತಂಬಾಕು ವ್ಯಾಪಾರಿ ಜೇಮ್ಸ್ ಡ್ಯೂಕ್ ಆ ಯಂತ್ರವನ್ನು ಹಾಕಿಸಿ ಸಿಗರೇಟನ್ನು ಅಗ್ಗದ ಸರಕಾಗಿಸಿದ. ಹುಕ್ಕಾ, ಚುಟ್ಟಾಗಳಿಗೆ ಬಿಡುವು ಬೇಕು, ಸಿಗರೇಟಿಗೆ ಬೇಡ. ಅದು ಜೇಬಿನಲ್ಲಿರುತ್ತದೆ, ಎರಡು ಬಸ್ಸುಗಳ ನಡುವಿನ ಅವಧಿಯಲ್ಲೂ ಮುಗಿಯುತ್ತದೆ. ಮೇಲಾಗಿ ಅದರ ಹೊಗೆಯನ್ನು ಎದೆಯಾಳಕ್ಕೆ ಎಳೆದುಕೊಳ್ಳುವುದು ಸುಲಭ.

ಹಕೀಮನಿಗೆ ಇಲ್ಲದಿದ್ದ ಪುರಾವೆಯನ್ನು ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1950ರಲ್ಲಿ ಮುಂದಿಟ್ಟರು. ಲಂಡನ್ನಿನ ಆಸ್ಪತ್ರೆಗಳಲ್ಲಿದ್ದ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳನ್ನು ಇತರ ರೋಗಿಗಳ ಜತೆ ಹೋಲಿಸಿದಾಗ ಅಪರಾಧಿಯಾಗಿ ಎದ್ದು ಕಂಡದ್ದು ಸಿಗರೇಟು. ಅಧ್ಯಯನ ನಡೆಯುತ್ತಿರುವಾಗಲೇ ಡಾಲ್ ತನ್ನ ಸಿಗರೇಟು ಬಿಟ್ಟುಬಿಟ್ಟರು. 1951ರಿಂದ ಅವರು ಬ್ರಿಟಿಷ್ ವೈದ್ಯರನ್ನೇ ಗಮನಿಸುತ್ತ ಬಂದು ಐವತ್ತು ವರ್ಷಗಳ ಫಲಿತಾಂಶವನ್ನು 2004ರಲ್ಲಿ ಪ್ರಕಟಿಸಿದರು. ಸೇದುತ್ತಲೇ ಹೋದವರ ಆಯುಷ್ಯ ಸರಾಸರಿ 10 ವರ್ಷ ಕಡಿಮೆ. ಆದರೆ 60ರಲ್ಲಿ ಬಿಟ್ಟವರು ಅದರಲ್ಲಿ 3 ವರ್ಷ, 50ರಲ್ಲಿ ಬಿಟ್ಟವರು 6 ವರ್ಷ, 40ರಲ್ಲಿ ಬಿಟ್ಟವರು 9 ವರ್ಷ ಮರಳಿ ಪಡೆದರು. 30ಕ್ಕೇ ಬಿಟ್ಟವರಿಗೆ ಬಹುಮಟ್ಟಿಗೆ ಪೂರ್ತಿ ಹತ್ತೂ ಉಳಿಯಿತು. ಇಷ್ಟು ವಯಸ್ಸಾಯಿತು, ಇನ್ನು ಬಿಟ್ಟು ಏನು ಪ್ರಯೋಜನ ಎನ್ನುವ ಮಾತಿಗೆ ಅಲ್ಲಿಗೆ ಆಧಾರ ತಪ್ಪಿತು.

ಬಿಡುವುದು ಹೇಗೆ ಎಂಬುದಕ್ಕೆ ಮೊದಲ ಗಟ್ಟಿ ಉತ್ತರ ಹೊಳೆದದ್ದು ನೀರಿನ ಕೆಳಗೆ ಎನ್ನಬೇಕು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಕ್ಲಾಸ್ ಲುಂಡ್‌ಗ್ರೆನ್ ಮತ್ತು ಸ್ಟೆಫಾನ್ ಲಿಖ್ಟ್‌ನೆಕರ್ಟ್ ಎಂಬ ಶರೀರಶಾಸ್ತ್ರಜ್ಞರು ಒಂದು ಸಂಗತಿ ಗಮನಿಸಿದ್ದರು. ಸಬ್‌ಮರೀನಿನೊಳಗೆ ಬೀಡಿ ಸಿಗರೇಟಿಗೆ ಅವಕಾಶವಿಲ್ಲ. ಆಗ ಸೇದುವ ನಾವಿಕರು ಪರದಾಡದೆ, ಬಾಯಲ್ಲಿ ಇಟ್ಟುಕೊಳ್ಳುವ ತಂಬಾಕಿಗೆ ಹೊರಳುತ್ತಿದ್ದರು. ಹಾಗಾದರೆ ದೇಹ ಕೇಳುತ್ತಿರುವುದು ಹೊಗೆಯನ್ನಲ್ಲ, ನಿಕೋಟಿನ್ನನ್ನು. ಅವರು ಈ ವಿಷಯವನ್ನು 1967ರ ಡಿಸೆಂಬರಿನಲ್ಲಿ ಲಿಯೊ ಎಂಬ ಔಷಧ ಕಂಪೆನಿಯ ಓವೆ ಫೆರ್ನೊ ಅವರಿಗೆ ಪತ್ರ ಬರೆದು ತಿಳಿಸಿದರು. ಫೆರ್ನೊ ಸ್ವತಃ ದೊಡ್ಡ ಧೂಮಪಾನಿ. ಹಾಗಾಗಿ ಕಾಗದ ತಲುಪಬೇಕಾದವರಿಗೇ ತಲುಪಿತ್ತು. ಅಗಿದಷ್ಟೂ ನಿಧಾನವಾಗಿ ನಿಕೋಟಿನ್ ಬಿಟ್ಟುಕೊಡುವ ಚೂಯಿಂಗ್ ಗಮ್ ತಯಾರಿಸಲು ವರ್ಷಗಳೇ ಹಿಡಿದವು. ಅದು ಸ್ವಿಟ್ಜರ್ಲೆಂಡಿನಲ್ಲಿ 1978ರಲ್ಲಿ, ಅಮೆರಿಕದಲ್ಲಿ 1984ರಲ್ಲಿ ಔಷಧಿಯೆಂದು ಒಪ್ಪಿಗೆ ಪಡೆಯಿತು. ಜನ ಸೇದುವುದು ನಿಕೋಟಿನ್ನಿಗಾಗಿ, ಸಾಯುವುದು ಅದರ ಜತೆಗೆ ಬರುವ ಟಾರಿನಿಂದ ಎಂದು ಲಂಡನ್ನಿನ ಮನೋವೈದ್ಯ ಮೈಕೆಲ್ ರಸೆಲ್ 1976ರಲ್ಲೇ ವಿವರಿಸಿದ್ದರು. ಎರಡನ್ನೂ ಬೇರ್ಪಡಿಸಿದ ಮೊದಲ ವಸ್ತು ಈ ಗಮ್.

ಎರಡನೆಯದು ಚರ್ಮಕ್ಕೆ ಅಂಟಿಸುವ ಪಟ್ಟಿ. ಒದ್ದೆ ಹೊಗೆಸೊಪ್ಪಿನ ಗಿಡಗಳ ನಡುವೆ ಕೊಯ್ಲು ಮಾಡುವ ಕೂಲಿಗಳಿಗೆ ವಾಂತಿ, ತಲೆಸುತ್ತು ಬರುವುದುಂಟು. ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಒಳಗಿಳಿಯುವುದು ಇದಕ್ಕೆ ಕಾರಣ. ಹೊಲದ ಆ ಕಾಯಿಲೆಯನ್ನೇ ಮದ್ದಾಗಿ ತಿರುಗಿಸಬಹುದೆಂದು ಕ್ಯಾಲಿಫೋರ್ನಿಯಾದ ಮರ್ರೆ ಜಾರ್ವಿಕ್ ಮತ್ತು ಜೆಡ್ ರೋಸ್ ಲೆಕ್ಕ ಹಾಕಿದರು. ಬೇರೆಯವರ ಮೇಲೆ ಪ್ರಯೋಗಿಸುವ ಮೊದಲು ತಮ್ಮ ಚರ್ಮದ ಮೇಲೆಯೇ ಪರೀಕ್ಷಿಸಿಕೊಂಡರು. 1990ರ ದಶಕದ ಆರಂಭದಲ್ಲಿ ಪಟ್ಟಿ ಅಮೆರಿಕದ ಔಷಧದಂಗಡಿಗಳಿಗೆ ಬಂತು.

ಆದರೆ ಗಮ್ ಅಗಿದವರು, ಪಟ್ಟಿ ಅಂಟಿಸಿಕೊಂಡವರು ಸಹ ಮತ್ತೆ ಸಿಗರೇಟಿಗೆ ಮರಳುತ್ತಿದ್ದರು. ರಕ್ತದಲ್ಲಿ ನಿಕೋಟಿನ್ ಇದೆ. ಆದರೂ ಕೈ ಜೇಬಿಗೆ ಹೋಗುತ್ತದೆ. ಹಾಗಾದರೆ ನಿಕೋಟಿನ್ ಅಲ್ಲದೆ ಇನ್ನೇನೋ ಬೇಕಾಗಿದೆ. ಹೊಗೆ ಗಂಟಲಿಗೆ ತಗಲುವ ಆ ಗೀರು, ಎದೆಗೆ ಇಳಿಯುವ ಆ ಖಾರ ಇಲ್ಲದೆ ಸಿಗರೇಟು ಸೇದಿದಂತಾಗುವುದಿಲ್ಲ ಎಂದು ರೋಸ್ ಊಹಿಸಿದರು. ತಂಬಾಕಿಲ್ಲದೆ ಆ ಗೀರನ್ನು ಕೊಡುವ ವಸ್ತು ಯಾವುದು? ಮೆಣಸಿನ ಸರದಿ ಇಲ್ಲಿ ಬಂತು. ರೋಸ್ ಮತ್ತು ಫ್ರೆಡೆರಿಕ್ ಬೆಮ್ 48 ಧೂಮಪಾನಿಗಳನ್ನು ರಾತ್ರಿಯಿಡೀ ಸಿಗರೇಟಿಲ್ಲದೆ ಇರಿಸಿ, ಮೂರು ಗುಂಪು ಮಾಡಿ, ಸಿಗರೇಟಿನಂಥ ಕೊಳವೆಗಳನ್ನು ಕೊಟ್ಟರು. ಒಂದರಲ್ಲಿ ಕರಿಮೆಣಸಿನ ತೈಲದ ಆವಿ, ಇನ್ನೊಂದರಲ್ಲಿ ಪುದೀನದ ತಂಪು, ಮತ್ತೊಂದು ಖಾಲಿ. ಮೂರು ಗಂಟೆಗಳ ನಂತರ ಸೇದುವ ಚಪಲ ಎದ್ದು ಕಾಣುವಷ್ಟು ಕಡಿಮೆಯಾಗಿದ್ದುದು ಮೆಣಸಿನ ಆವಿ ಎಳೆದವರಲ್ಲಿ. ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಪ್ರಯೋಗ ನಡೆದ ಊರು ಡರ್ಹಮ್. ಬೊನ್ಸಾಕನ ಯಂತ್ರ ನಂಬಿ ಡ್ಯೂಕ್ ಶ್ರೀಮಂತನಾದ ಊರು ಅದೇ. ಯಾವ ಮೆಣಸಿಗಾಗಿ ಹಡಗುಗಳು ಹೊರಟಿದ್ದವೋ ಆ ಮೆಣಸು, ಆ ಹಡಗುಗಳು ಹರಡಿದ ಹೊಗೆಯನ್ನು ಬಿಡಿಸುವ ಕೆಲಸಕ್ಕೆ ಹೀಗೆ ನಿಂತಿತು. ಚಿಕ್ಕ ಪ್ರಯೋಗ ನಿಜ. ಮೆಣಸಿನ ಕೊಳವೆ ಔಷಧದಂಗಡಿಯಲ್ಲಿ ಪಟ್ಟಿಯ ಪಕ್ಕ ಕೂರುವ ಮಟ್ಟಕ್ಕೆ ಬೆಳೆಯಲಿಲ್ಲ. ಮೂಗು ಗಂಟಲಿನ ದಾರಿಯೂ ಒಂದಿದೆ ಎಂದು ಮಾತ್ರ ತೋರಿಸಿತು.

ಮೂಗಿಗೆ ಒಂದು ವಿಶೇಷವಿದೆ. ಕಂಡದ್ದು, ಕೇಳಿದ್ದು, ಮುಟ್ಟಿದ್ದು ಎಲ್ಲವೂ ಮೆದುಳಿನ ಥಲಾಮಸ್ ಎಂಬ ಚಾವಡಿಯನ್ನು ಹಾದುಹೋಗಬೇಕು. ವಾಸನೆಗೆ ಆ ಕಟ್ಟಳೆಯಿಲ್ಲ. ಅದು ಭಾವನೆ, ನೆನಪುಗಳ ಕೋಣೆಗೆ ಹೇಳದೆ ಕೇಳದೆ ನುಗ್ಗುತ್ತದೆ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆಗೆ ಎಂದೋ ಮರೆತ ಅಂಗಳ ಕಣ್ಣೆದುರು ಬರುವುದು ಇದರಿಂದಲೇ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಮೈಕೆಲ್ ಸಯೆಟ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷೆಗೆ ಒಡ್ಡಿದರು. ಅವರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿದ್ದವರು 232 ಧೂಮಪಾನಿಗಳು. ಎಂಟು ಗಂಟೆ ಸಿಗರೇಟು ಮುಟ್ಟದೆ ಬರಬೇಕು. ಬಂದವರಿಗೆ ಚಾಕೊಲೇಟ್, ಸೇಬು, ಪುದೀನ, ನಿಂಬೆ, ವೆನಿಲ್ಲಾ ಮೊದಲಾದ ವಾಸನೆಗಳನ್ನು ತೋರಿಸಿ, ಯಾವುದು ಹಿತವೆಂದು ಕೇಳಿಕೊಳ್ಳಲಾಯಿತು. ನಂತರ ಸಿಗರೇಟು ಹಚ್ಚಿ ಕೈಯಲ್ಲಿ ಹಿಡಿಯಬೇಕು, ಸೇದಬಾರದು. ಇದಕ್ಕಿಂತ ಕಠಿಣ ಶಿಕ್ಷೆ ಬೇರೊಂದಿರಲಾರದು. ಚಪಲ ಎಷ್ಟಿದೆ ಎಂದು ನೂರರ ಲೆಕ್ಕದಲ್ಲಿ ಹೇಳಲು ಕೇಳಿದಾಗ ಸರಾಸರಿ 82 ಬಂತು. ಆಮೇಲೆ ಸಿಗರೇಟು ನಂದಿಸಿ, ಐದು ನಿಮಿಷ ಒಂದು ಡಬ್ಬಿಯನ್ನು ಮೂಸಬೇಕು. ಕೆಲವರ ಡಬ್ಬಿಯಲ್ಲಿ ಅವರಿಗೆ ಪ್ರಿಯವಾದ ಪರಿಮಳ, ಕೆಲವರದರಲ್ಲಿ ತಂಬಾಕು, ಇನ್ನು ಕೆಲವರದರಲ್ಲಿ ಏನೂ ಇಲ್ಲ. ಪ್ರಿಯವಾದ ಪರಿಮಳ ಮೂಸಿದವರ ಚಪಲ 19.3 ಅಂಕ ಇಳಿಯಿತು. ತಂಬಾಕು ಮೂಸಿದವರದು 11.7, ಖಾಲಿ ಡಬ್ಬಿಯವರದು 11.2.

ಈ ಅಂಕಿಗಳಲ್ಲಿ ಕೊನೆಯದನ್ನು ಎರಡು ಸಲ ಓದಬೇಕು. ಏನೂ ಇಲ್ಲದ ಡಬ್ಬಿ ಹಿಡಿದು ಸುಮ್ಮನೆ ಕುಳಿತವರ ಚಪಲವೂ ಐದು ನಿಮಿಷದಲ್ಲಿ ಇಳಿದಿದೆ! ಸಿಗರೇಟಿನ ಹಂಬಲ ಏರುತ್ತಲೇ ಹೋಗುವ ಪ್ರವಾಹವಲ್ಲ, ಬಂದು ಹಿಂದೆ ಸರಿಯುವ ಅಲೆ. ಹಿತವಾದ ವಾಸನೆ ಆ ಅಲೆಯನ್ನು ಇನ್ನಷ್ಟು ಬೇಗ ತಗ್ಗಿಸುತ್ತದೆ, ಅಷ್ಟೆ. ಆ ಐದು ನಿಮಿಷ ದಾಟಿದವರು ತಿಂಗಳುಗಟ್ಟಲೆ ದಾಟುವರೇ ಎಂಬುದು ಬೇರೆ ಪ್ರಶ್ನೆ. ಸಯೆಟ್ ಆರಿಸಿಕೊಂಡದ್ದು ಆ ಹೊತ್ತಿಗೆ ಬಿಡುವ ಯತ್ನದಲ್ಲಿಲ್ಲದವರನ್ನು. ಆದ್ದರಿಂದ ಪರಿಮಳದ ಡಬ್ಬಿಯಿಂದ ಚಟ ಬಿಡುತ್ತದೆ ಎಂದು ಈ ಪ್ರಯೋಗದ ಬಲದಿಂದ ಯಾರಾದರೂ ಜಾಹೀರಾತು ಕೊಟ್ಟರೆ ನಂಬಬೇಕಾಗಿಲ್ಲ.

ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಅನಾತ್ ಅರ್ಜಿ ಮತ್ತು ನೋಮ್ ಸೋಬೆಲ್ ಹಿಡಿದದ್ದು ಇದರ ತದ್ವಿರುದ್ಧ ದಾರಿ. ಪರಿಮಳವಲ್ಲ, ದುರ್ನಾತ. ಅದೂ ನಿದ್ದೆಯಲ್ಲಿ. 66 ಮಂದಿ ಧೂಮಪಾನಿಗಳ ಮೇಲಿನ ಈ ಪ್ರಯೋಗದಲ್ಲಿ, ಮಲಗಿದವರ ಮೂಗಿಗೆ ಸಿಗರೇಟಿನ ವಾಸನೆಯ ಬೆನ್ನಿಗೇ ಕೊಳೆತ ಮೊಟ್ಟೆಯ ಅಥವಾ ಕೊಳೆತ ಮೀನಿನ ವಾಸನೆಯನ್ನು ಬಿಟ್ಟರು. ಬೆಳಗ್ಗೆ ಎದ್ದವರಿಗೆ ಏನೂ ನೆನಪಿಲ್ಲ. ಆದರೂ ನಿದ್ದೆಯ ಒಂದು ನಿರ್ದಿಷ್ಟ ಹಂತದಲ್ಲಿ ಈ ವಾಸನೆ ಪಡೆದವರು ಮುಂದಿನ ಒಂದು ವಾರ ಸುಮಾರು ಶೇಕಡ 30ರಷ್ಟು ಕಡಿಮೆ ಸಿಗರೇಟು ಸೇದಿದರೆಂದು 2014ರ ವರದಿ ಹೇಳಿತು. ಎಚ್ಚರವಾಗಿದ್ದಾಗ ಅದೇ ವಾಸನೆ ಕೊಟ್ಟರೆ ಫಲವಿಲ್ಲ. ಮೂಗು ಮಲಗುವುದಿಲ್ಲವೆಂದೂ ಎಚ್ಚರವಿದ್ದ ಮನಸ್ಸು ಅದರ ಮಾತನ್ನು ತಳ್ಳಿಹಾಕುತ್ತದೆಂದೂ ಅರ್ಥ ಮಾಡಬಹುದೇನೋ.

ಐದು ನಿಮಿಷದ ಅಲೆ ಎದ್ದಾಗ ಪಕ್ಕದಲ್ಲಿ ಒಬ್ಬರು ಇರಬೇಕು. ವೈದ್ಯರು ಇರುವುದಿಲ್ಲ, ಹೆಂಡತಿಯ ಮಾತು ಹಿಡಿಸುವುದಿಲ್ಲ, ಗೆಳೆಯ ಬೆಂಕಿಪೊಟ್ಟಣ ಹಿಡಿದು ನಿಂತಿರುತ್ತಾನೆ. ಸದಾ ಜತೆಯಲ್ಲಿರುವುದೆಂದರೆ ಮೊಬೈಲ್ ಫೋನ್ ಒಂದೇ. ನ್ಯೂಜಿಲೆಂಡಿನ ಸಂಶೋಧಕರು ಇದನ್ನು ಬಹಳ ಬೇಗ ಕಂಡುಕೊಂಡರು. 1,705 ಧೂಮಪಾನಿಗಳಲ್ಲಿ ಅರ್ಧ ಜನಕ್ಕೆ ಧೈರ್ಯ ತುಂಬುವ ಎಸ್ಸೆಮ್ಮೆಸ್ ಕಳಿಸುತ್ತಾ ಹೋದಾಗ, ಆರು ವಾರದ ಕೊನೆಗೆ ಅವರಲ್ಲಿ ಶೇಕಡ 28 ಮಂದಿ ಬಿಟ್ಟಿದ್ದರು. ಉಳಿದ ಗುಂಪಿನಲ್ಲಿ ಶೇಕಡ 13. ಇದು 2005ರ ಮಾತು. ಬಾಯಿಮಾತನ್ನು ನಂಬದೆ ದೇಹಪರೀಕ್ಷೆಯಿಂದಲೇ ಖಚಿತಪಡಿಸಿಕೊಂಡ ಬ್ರಿಟನ್ನಿನ ಅಧ್ಯಯನ 2011ರಲ್ಲಿ ಬಂತು. 5,800 ಮಂದಿಯ ಆ ಅಧ್ಯಯನದಲ್ಲಿ ಆರು ತಿಂಗಳ ಬಳಿಕ ಸಂದೇಶ ಪಡೆದವರಲ್ಲಿ ಬಿಟ್ಟವರು ಶೇಕಡ 10.7, ಪಡೆಯದವರಲ್ಲಿ 4.9. ಬಾಯಿಮಾತಿಗೂ ಪರೀಕ್ಷೆಗೂ ಇರುವ ಅಂತರ ಇಲ್ಲಿ ಕಾಣುತ್ತದೆ; ಸಂದೇಶದ ಗುಣವೂ ಕಾಣುತ್ತದೆ.

ಸ್ಮಾರ್ಟ್‌ಫೋನ್ ಬಂದ ಮೇಲೆ ಸಂದೇಶದ ಜಾಗಕ್ಕೆ ಆ್ಯಪ್ ಬಂತು. ಇಂಥ ಆ್ಯಪ್‌ಗಳು ಲೆಕ್ಕವಿಲ್ಲದಷ್ಟಿವೆ. ಬಹಳಷ್ಟು ಉಳಿದ ಹಣವನ್ನೂ ಬಿಟ್ಟ ದಿನಗಳನ್ನೂ ಎಣಿಸುವ ಗುಮಾಸ್ತರು ಮಾತ್ರ. ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಕೇಂದ್ರದ ಜೋನಥನ್ ಬ್ರಿಕರ್ ರೂಪಿಸಿದ 'ಐ ಕ್ಯಾನ್ ಕ್ವಿಟ್' ಬೇರೆ ಬಗೆಯದು. ಚಪಲದೊಡನೆ ಕುಸ್ತಿಗೆ ಇಳಿಯಬೇಡ, ಅದು ಬರಲಿ, ಬಂದದ್ದನ್ನು ಗಮನಿಸು, ಹೋಗಲು ಬಿಡು ಎಂಬುದು ಅದರ ಪಾಠ. ಧ್ಯಾನಕ್ಕೆ ಕೂತವರಿಗೆ ಇದು ಹೊಸ ಮಾತಲ್ಲ. 2,415 ಮಂದಿಯನ್ನು ಎರಡು ಭಾಗ ಮಾಡಿ, ಒಂದು ಭಾಗಕ್ಕೆ ಇದನ್ನೂ ಮತ್ತೊಂದಕ್ಕೆ ಅಮೆರಿಕ ಸರ್ಕಾರದ ಸಾಮಾನ್ಯ ಮಾರ್ಗದರ್ಶಿ ಆ್ಯಪನ್ನೂ ಕೊಟ್ಟು ಒಂದು ವರ್ಷ ಕಾದರು. 2020ರಲ್ಲಿ ಬಂದ ಫಲಿತಾಂಶದಲ್ಲಿ ಮೊದಲ ಗುಂಪಿನ ಶೇಕಡ 28 ಮಂದಿಯೂ ಎರಡನೆಯದರ ಶೇಕಡ 21 ಮಂದಿಯೂ ಬಿಟ್ಟಿದ್ದರು. ಗೆದ್ದ ಆ್ಯಪ್‌ನಲ್ಲೂ ನೂರಕ್ಕೆ 72 ಮಂದಿ ಬಿಡಲಾಗಲಿಲ್ಲ ಎಂಬುದನ್ನು ಮರೆಯಬಾರದು.

ಬ್ರಿಟನ್ನಿನಲ್ಲಿ ಫೆಲಿಕ್ಸ್ ನಾಟನ್ ಅವರ ತಂಡ ಜಾಗವನ್ನೇ ಗುರಿಯಾಗಿಟ್ಟುಕೊಂಡಿತು. ಚಪಲಕ್ಕೆ ವಿಳಾಸವಿದೆ: ಕಚೇರಿಯ ಹಿಂಬಾಗಿಲು, ಬಸ್ ನಿಲ್ದಾಣದ ಮೂಲೆ, ಟೀ ಅಂಗಡಿಯ ಬೆಂಚು. 'ಕ್ವಿಟ್ ಸೆನ್ಸ್' ಎಂಬ ಆ್ಯಪ್ ಮೊದಲು ಮನುಷ್ಯ ಎಲ್ಲೆಲ್ಲಿ ಸೇದುತ್ತಾನೆಂದು ಕಲಿಯುತ್ತದೆ. ಬಿಟ್ಟ ಮೇಲೆ ಆತ ಮತ್ತೆ ಅದೇ ಜಾಗಕ್ಕೆ ಕಾಲಿಟ್ಟರೆ ಫೋನು ಎಚ್ಚರಿಸುತ್ತದೆ. 209 ಮಂದಿಯ ಪ್ರಾಯೋಗಿಕ ಪರೀಕ್ಷೆಯ 2023ರ ವರದಿಯಲ್ಲಿ ಆರು ತಿಂಗಳ ಬಳಿಕ ಬಿಟ್ಟವರು ಶೇಕಡ 11.5; ಆ್ಯಪ್ ಇಲ್ಲದವರಲ್ಲಿ 2.9. ಸಂಖ್ಯೆ ಚಿಕ್ಕದು, ಆಸೆ ದೊಡ್ಡದು.

ಮೂಗನ್ನೂ ಫೋನನ್ನೂ ಒಂದುಗೂಡಿಸುವ ಯತ್ನವೂ ನಡೆಯದೆ ಇಲ್ಲ. ಫೋನಿಗೆ ಸಿಕ್ಕಿಸಿದರೆ ವಾಸನೆ ಚಿಮ್ಮುವ ಪುಟ್ಟ ಸಾಧನ ಜಪಾನಿನಲ್ಲಿ 2013ರಲ್ಲಿ ಮಾರಾಟಕ್ಕೆ ಬಂದಿತ್ತು. ಮರುವರ್ಷ ಹಾರ್ವರ್ಡಿನ ಡೇವಿಡ್ ಎಡ್ವರ್ಡ್ಸ್ ಪ್ಯಾರಿಸ್ಸಿನಿಂದ ನ್ಯೂಯಾರ್ಕಿಗೆ ಪರಿಮಳದ ಸಂದೇಶ ಕಳಿಸಿ ತೋರಿಸಿದರು. ಎರಡೂ ಜನಬಳಕೆಗೆ ಇಳಿಯಲಿಲ್ಲ. ಸದ್ಯಕ್ಕೆ ನಿಂಬೆಸಿಪ್ಪೆ, ಪುದೀನ, ಏಲಕ್ಕಿ ಜೇಬಿನಲ್ಲೇ ಇರಬೇಕು, ಫೋನು ಇನ್ನೊಂದು ಜೇಬಿನಲ್ಲಿ.

ಭಾರತದಲ್ಲಿ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಮಿಸ್ಡ್ ಕಾಲ್ ಕೊಟ್ಟರೆ ಸಂದೇಶ ಬರುವ ವ್ಯವಸ್ಥೆಯನ್ನೂ ಸಲಹೆಯ ದೂರವಾಣಿಯನ್ನೂ ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಈ ದೂರವಾಣಿಯ ಕೇಂದ್ರಗಳಲ್ಲೊಂದಾಗಿ ಸೇರಿದ್ದರಿಂದ ಕನ್ನಡದಲ್ಲೂ ಮಾತನಾಡುವವರು ಸಿಗುವಂತಾಯಿತು. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಸೇದುವವರು ಶೇಕಡ 10.7. ಬೀಡಿಯವರು ಶೇಕಡ 7.7, ಸಿಗರೇಟಿನವರು 4. ಆ್ಯಪ್ ಮಾಡುವವರು ಈ ಲೆಕ್ಕವನ್ನು ನೋಡಿರುವಂತೆ ಕಾಣುವುದಿಲ್ಲ. ಬೀಡಿ ಸೇದುವ ಹಮಾಲಿಯ ಬಳಿ ಇರುವುದು ಗುಂಡಿ ಒತ್ತುವ ಸಾದಾ ಫೋನಾಗಿದ್ದರೆ ಆತನಿಗೆ ಸಿಯಾಟಲ್ಲಿನ ಆ್ಯಪ್ ದೂರವೇ ಉಳಿಯುತ್ತದೆ. ಮಿಸ್ಡ್ ಕಾಲ್ ಮತ್ತು ಸಲಹೆಯ ದೂರವಾಣಿ ಹತ್ತಿರದವು.

ಸಲಹೆಯ ದೂರವಾಣಿಯ ಸಂಖ್ಯೆ 1800-11-2356. ಕರೆಗೆ ಹಣ ಬೇಕಾಗಿಲ್ಲ. 2018ರ ಸೆಪ್ಟೆಂಬರಿನಿಂದ ಇದು ಪ್ರತಿ ಸಿಗರೇಟು, ಬೀಡಿ ಪೊಟ್ಟಣದ ಮೇಲೆ ಎಚ್ಚರಿಕೆಯ ಚಿತ್ರದ ಜತೆ ಅಚ್ಚಾಗುತ್ತಿದೆ. ಬಿಡಿ ಸಿಗರೇಟಿನ ಮಾರಾಟವನ್ನು ಕರ್ನಾಟಕ ಸರ್ಕಾರ 2017ರಲ್ಲೇ ನಿಷೇಧಿಸಿತು. ಆದರೂ ಗೂಡಂಗಡಿಯಲ್ಲಿ ಒಂದೊಂದೇ ಕೇಳಿ ಕೊಳ್ಳುವವರಿದ್ದಾರೆ, ಕೊಡುವವರೂ ಇದ್ದಾರೆ. ಹಿಂದೆ ಅಂಗಡಿಯ ಕಂಬಕ್ಕೆ ತುದಿ ಹೊಗೆಯಾಡುವ ತೆಂಗಿನ ನಾರಿನ ಹಗ್ಗ ನೇತಾಡುತ್ತಿತ್ತು, ಈಗ ದಾರ ಕಟ್ಟಿದ ಲೈಟರ್. ಗಿರಾಕಿ ಅಲ್ಲೇ ಹಚ್ಚಿಕೊಂಡು ಹೊರಡುತ್ತಾನೆ. ಸಂಖ್ಯೆ ಅಚ್ಚಾದ ಪೊಟ್ಟಣ ಅಂಗಡಿಯವನ ಗಲ್ಲೆಯ ಪಕ್ಕದಲ್ಲೇ ಉಳಿಯುತ್ತದೆ.